ಹ್ಞೂಂ ಅನ್ನದ ಎರಡು ನಿಮಿಷ

“ಗುಂಡಿ ಒತ್ತೋನು ಗುಂಡಿ ಒತ್ಕೊಂಡು ಕೂತಿರ್ಲಿ, ಕಾಜಿಯಾ. ಹೈಸ್ಕೂಲಿನ ಬಾಗ್ಲು ಮೂರೇ ತಿಂಗ್ಳು ನೋಡಿ ಓಡ್ಹೋದೋನ ಹತ್ರ ಕಥೆ ಅಂದ್ರೇನು ಅಂತ ಪಾಠ ಹೇಳಿಸ್ಕೊಳ್ಳೋ ಗತಿ ಈ ಊರಿಗಿನ್ನೂ ಬಂದಿಲ್ಲ.”

ಅಕುತ್ಸು ಮೇಷ್ಟ್ರು ಇದನ್ನು ಮೈಕಿನಲ್ಲೇ ಹೇಳಿದರು. ಗ್ರಂಥಾಲಯದ ಮಹಡಿಯ ಸಭಾಂಗಣದಲ್ಲಿ ಅರವತ್ತು ಜನರಾದರೂ ಇದ್ದರು. ಮುಂದಿನ ಸಾಲಿನ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹಿಂದಿನ ಸಾಲಿನ ಗಂಡಸರು ಕೈಯನ್ನೂ ಅಡ್ಡ ಹಿಡಿಯಲಿಲ್ಲ. ನಾನು ಮೂಲೆಯಲ್ಲಿ, ಸೀಮೆಎಣ್ಣೆ ಒಲೆಯ ಪಕ್ಕ, ಕಂಪ್ಯೂಟರಿನ ತಂತಿಗಳ ನಡುವೆ ಎದ್ದು ನಿಂತಿದ್ದೆ. ಮೊದಲು ಬಾಯಿ ಹಾಕಿದವನು ನಾನೇ.

ಐದನೆಯ ಕೃತಿಯ ಬಗ್ಗೆ ಮೇಷ್ಟ್ರು ತೀರ್ಪು ಓದುತ್ತಿದ್ದರು. “ಒಂದೇ ಗುಂಡಿ, ಒಂದೇ ದಾರಿ. ಓದೋನಿಗೆ ಮಾಡೋದಕ್ಕೇನೂ ಇಲ್ಲ. ಮುದುಕಿಯೊಬ್ಳು ಹನ್ನೊಂದು ನಿಮಿಷ ಬದನೆಕಾಯಿ ಉಪ್ಪಿನಕಾಯಿ ವಿಷ್ಯ ಹೇಳ್ತಾಳೆ. ಇದನ್ನ ಕಾಗದದ ಮೇಲೆ ಅಚ್ಚು ಹಾಕಿದ್ರೂ ನಷ್ಟ ಇರ್ಲಿಲ್ಲ. ಹಾಕ್ದೇ ಇದ್ರೂ ಇರ್ಲಿಲ್ಲ.” ಅದಕ್ಕೆ ನಾನು, “ನೀವಿದನ್ನ ಓದೇ ಇಲ್ಲ ಮೇಷ್ಟ್ರೇ. ನನ್ನ ವರದಿ ಏಳನೇ ಪುಟ ತೆಗೀರಿ,” ಎಂದೆ. ಅಷ್ಟೇ ಎಂದದ್ದು.

ಆ ವರದಿ ಅವರ ಮುಂದೆಯೇ ಇತ್ತು. ಟೀ ಬಟ್ಟಲಿನ ಕೆಳಗೆ. ಬಟ್ಟಲಿನ ಉಂಗುರ ಮೊದಲ ಪುಟದ ಮೇಲೆ ಒದ್ದೆಯಾಗಿ ಮೂಡಿದ್ದು ನಾನು ನಿಂತಲ್ಲಿಗೆ ಕಾಣುತ್ತಿತ್ತು.

ಫೆಬ್ರವರಿಯ ಕೊನೆಯ ಭಾನುವಾರ ಉತ್ತರ ಜಪಾನಿನ ನಮ್ಮೂರ ಗ್ರಂಥಾಲಯದಲ್ಲಿ ಪರದೆಕಥೆಗಳ ಸಭೆ. ಪುಸ್ತಕದೊಳಗೆ ಕೂರದ ಕಥೆಗಳವು. ಓದುವವನು ಮುಟ್ಟಿದರೆ ಕವಲೊಡೆಯುತ್ತವೆ, ಹಿಂದಕ್ಕೆ ಹೋಗುತ್ತವೆ, ಕೆಲವು ಸತ್ತೂ ಹೋಗುತ್ತವೆ. ಬರೆದವರ ಹೆಸರಿನ ಲಕೋಟೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿರುತ್ತಾರೆ. ಆರಿಸಿದ ಒಂದು ಕೃತಿಯನ್ನು ಕೆಳಗಿನ ಓದುವ ಕೋಣೆಯ ದೊಡ್ಡ ಪರದೆಯಲ್ಲಿ ವರ್ಷಪೂರ್ತಿ ಇಡುತ್ತಾರೆ. ಬೆಳಗ್ಗೆ ಬಾಗಿಲು ತೆರೆಯುವುದನ್ನೇ ಕಾದು ಒಳಗೆ ಬಂದು, ಸಂಜೆಯವರೆಗೂ ಬೆಚ್ಚಗೆ ಕೂರುವ ಮುದುಕರು ಅದರ ಮುಂದೆ ಕೂತಿರುತ್ತಾರೆ. ಉಳಿದ ಕೃತಿಗಳನ್ನು ಮಾರ್ಚ್ ಕೊನೆಗೆ ಅಳಿಸುತ್ತಾರೆ.

ತೀರ್ಪುಗಾರರು ಮೂವರು. ಒಬ್ಬರಿಗೆ ಜ್ವರ, ಬಂದಿರಲಿಲ್ಲ. ಬಂದವರಲ್ಲಿ ಒಬ್ಬರು ಅಕುತ್ಸು ಮೇಷ್ಟ್ರು. ವಿಶ್ವವಿದ್ಯಾಲಯದಿಂದ ನಿವೃತ್ತರಾಗಿ ಎಂಟು ವರ್ಷವಾದರೂ ಮಾತಿನಿಂದ ನಿವೃತ್ತರಾದವರಲ್ಲ. ಇನ್ನೊಬ್ಬರು ತೊಗಾಶಿ ಅಮ್ಮ. ಬಂದರಿನ ರಸ್ತೆಯಲ್ಲಿ ಹುರುಳಿ ಮಿಠಾಯಿ ಅಂಗಡಿ, ಕಿವಿ ಸ್ವಲ್ಪ ಮಂದ, ನಲವತ್ತು ವರ್ಷದಿಂದ ಸ್ಥಳೀಯ ಪತ್ರಿಕೆಗೆ ಪದ್ಯ ಕಳಿಸುತ್ತಿದ್ದವರು. ವೇದಿಕೆಯ ಮೇಲೆ ಕೂತು ಪರದೆಯನ್ನು ಸಭೆಗೆ ಗಟ್ಟಿಯಾಗಿ ಓದಿ ಹೇಳುವವರು, ಗುಂಡಿ ಒತ್ತುವವರು ಗ್ರಂಥಪಾಲಕಿ ನೀಜೆಕಿ ಸಾನ್.

ನನ್ನದು ದಾರಿ ನಡೆಯುವ ಕೆಲಸ. ಸೆಂದೈ ಪಟ್ಟಣದ ಒಂದು ಕಂಪನಿಯಲ್ಲಿ ಆರು ವರ್ಷ ಅದನ್ನೇ ಮಾಡಿದ್ದೆ. ಪರದೆಯ ಕಥೆಯೊಂದನ್ನು ಕೊಟ್ಟರೆ ಅದರ ಎಲ್ಲ ಬಾಗಿಲುಗಳನ್ನೂ ತೆರೆದು ನೋಡಬೇಕು, ಯಾವುದು ಮುಂದಕ್ಕೆ ಹೋಗುತ್ತದೆ, ಯಾವುದು ಗೋಡೆಗೆ ಹೊಡೆಯುತ್ತದೆ ಎಂದು ದೊಡ್ಡ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ನಕ್ಷೆ ಬರೆಯಬೇಕು. ಒತ್ತಬೇಕಾದಲ್ಲಿ ಒತ್ತಬೇಕು, ಒತ್ತಬಾರದಲ್ಲೂ ಒತ್ತಬೇಕು, ಏನೂ ಒತ್ತದೆ ಹತ್ತು ನಿಮಿಷ ಕೂತು ಏನಾಗುತ್ತದೆ ನೋಡಬೇಕು. ಪದವೀಧರರು ಈ ಕೆಲಸಕ್ಕೆ ಬರುವುದಿಲ್ಲ. ಕಥೆಯನ್ನು ನಿಜವಾಗಿ ಪೂರ್ತಿ ಓದುವವರು ನಾವು ಮಾತ್ರ ಎಂದು ಹೇಳಿದರೆ ನಗುತ್ತಾರೆ. ಮೇಲೆ ಹೇಳಿದೆನಲ್ಲ, ನಕ್ಕರು.

ಈ ಸಲ ಐದು ಕೃತಿಗಳು. ಮೊದಲನೆಯದರಲ್ಲಿ ಪರದೆ ತುಂಬ ಹಿಮ. ಬೆರಳಾಡಿಸಿ ಗೋರಿದರೆ ಅಡಿಯಲ್ಲಿ ಮಾತುಗಳು ಸಿಗುತ್ತವೆ, ಓದಿ ಮುಗಿಸುವಷ್ಟರಲ್ಲಿ ಮತ್ತೆ ಹಿಮ ಬಿದ್ದು ಮುಚ್ಚುತ್ತದೆ. ‘ಗೋರುವುದು ಸುಖ, ಸಿಗುವುದು ಬರೀ ನೆಲ,’ ಎಂದು ವರದಿಯಲ್ಲಿ ಬರೆದೆ. ಎರಡನೆಯದು ಬೇರೆಯಾದ ಗಂಡಹೆಂಡಿರ ಸಂದೇಶಗಳು. ಹೆಂಡತಿಯ ಉತ್ತರವನ್ನು ನಾವು ಆರಿಸಬೇಕು, ಹದಿನಾಲ್ಕು ಮುಕ್ತಾಯ. ಮೇಷ್ಟ್ರಿಗೆ ಇದು ಬಹಳ ಹಿಡಿಸಿತ್ತು. ಹದಿನಾಲ್ಕನ್ನೂ ನಡೆದವನು ನಾನು. ಅವುಗಳಲ್ಲಿ ಹನ್ನೊಂದು ಒಂದೇ ಮುಕ್ತಾಯ, ಅಂಗಿ ಬದಲಿಸಿಕೊಂಡು ಬಂದದ್ದು. ಮೂರನೆಯದು ಓದುತ್ತ ಹೋದಂತೆ ಅಳಿಸುತ್ತ ಹೋಗುವ ಪದ್ಯ. ಒಂದು ಯಂತ್ರದಲ್ಲಿ ಒಂದೇ ಸಲ. ಯಂತ್ರ ಸರಿಯಿದೆಯೋ ನೋಡುತ್ತೇನೆಂದು ನೀಜೆಕಿ ಸಾನ್ ಶನಿವಾರವೇ ತೆರೆದು ಪೂರ್ತಿ ಅಳಿಸಿಬಿಟ್ಟಿದ್ದರು. ಸಭೆಯಲ್ಲಿ ಖಾಲಿ ಪರದೆಯನ್ನು ತೋರಿಸಿ ಮೂರು ಸಲ ಬಗ್ಗಿ ಕ್ಷಮೆ ಕೇಳಿದರು. ಆ ಪದ್ಯ ಬರೆದವನ ಮೇಲೆ ನನಗೆ ಗೌರವವಿದೆ. ಅವನು ಕೊಟ್ಟ ಮಾತಿಗೆ ತಪ್ಪಲಿಲ್ಲ. ನಾಲ್ಕನೆಯದು ರೈಲು ನಿಲ್ದಾಣದ ಬೆಂಚು. ಓದಿದವನು ಮುಂದಿನವನಿಗೆ ಒಂದು ಸಾಲು ಬರೆದಿಟ್ಟು ಹೋಗಬೇಕು. ಯಾರೋ ಹುಡುಗರು ಬೈಗುಳ ಬರೆದಿದ್ದರು. ಅದರಲ್ಲಿ ಜೀವವಿದ್ದ ಭಾಗ ಅದೇ.

ಐದನೆಯದರ ಹೆಸರು ‘ಉಪ್ಪು ಹಾಕುವಾಗ’. ಅದು ನನ್ನದು.

ಇದನ್ನು ಮುಚ್ಚಿಡುವುದಿಲ್ಲ. ಅಕ್ಟೋಬರಿನಲ್ಲಿ ಲಕೋಟೆ ಕೊಟ್ಟೆ. ಡಿಸೆಂಬರಿನಲ್ಲಿ ಗ್ರಂಥಾಲಯದವರು, ದಾರಿ ನಡೆಯುವವನು ಕೈಕೊಟ್ಟಿದ್ದಾನೆ, ನೀನು ಬರುತ್ತೀಯಾ ಎಂದು ಕರೆದರು. ಆಗುವುದಿಲ್ಲ ಎನ್ನಬೇಕಿತ್ತು. ಬರೆದವನು ಸಭೆಯ ಕೆಲಸದಲ್ಲಿದ್ದರೆ ಕೃತಿ ಹೊರಗೆ ಎಂದು ನಿಯಮವೇ ಇದೆ. ನಾನು ಹ್ಞೂಂ ಎಂದುಬಿಟ್ಟೆ. ಬೇರೆ ಯಾರಾದರೂ ದಾರಿ ನಡೆದರೆ ಅದರೊಳಗೆ ಬಚ್ಚಿಟ್ಟ ಕವಲು ಕಾಣದೇ ಹೋದೀತು ಎಂಬ ಭಯ. ತಪ್ಪು ನನ್ನದೇ.

ಅದರಲ್ಲಿ ಮಾತಾಡುವ ಹೆಂಗಸು ನನ್ನ ಅಮ್ಮ. ಮುದುಕಿಯಲ್ಲ, ಸತ್ತಾಗ ಐವತ್ತಮೂರು. ಇಪ್ಪತ್ತು ವರ್ಷ ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಪುಟ್ಟ ಬದನೆಕಾಯಿಗಳಿಗೆ ಉಪ್ಪು ತಿಕ್ಕಿದವಳು. ಉಗುರಿನ ಸುತ್ತ ಚರ್ಮ ಸದಾ ನೇರಳೆ. ನಾನು ಹೈಸ್ಕೂಲು ಸೇರಿದ ಮೂರನೆಯ ತಿಂಗಳು ತರಗತಿಯಲ್ಲಿ ಮೇಷ್ಟ್ರೊಬ್ಬ ನನ್ನ ಅಂಗಿಯ ಕಾಲರು ಮೂಸಿ, “ನಿಮ್ಮಮ್ಮಂಗೆ ಹೇಳು, ಮಗನ ಬಟ್ಟೆ ಮುಟ್ಟೋ ಮುಂಚೆ ಕೈ ತೊಳ್ಕೊಳ್ಲಿ ಅಂತ. ಹುಳಿ ವಾಸನೆಗೆ ನಿದ್ದೆ ಬರ್ತಿದ್ದೋರೂ ಎದ್ದು ಕೂತಿದಾರೆ,” ಎಂದ. ಮೂವತ್ತೆಂಟು ಜನ ನಕ್ಕರು. ನಾನು ಅವನ ಮೇಜನ್ನು ಅವನ ಮೇಲೆಯೇ ಮಗುಚಿ ಹಾಕಿದೆ. ಅವನ ಕೈ ಮುರಿದದ್ದು ಮೇಜಿನ ಅಂಚು ತಗುಲಿ. ಮಾರನೆಯ ದಿನ ಅಮ್ಮನನ್ನು ಶಾಲೆಗೆ ಕರೆಸಿದರು. ಅವಳು ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳಿದಳು. ಅವರು ಹೇಳಿದ್ದಕ್ಕೆಲ್ಲ ಹ್ಞೂಂ, ಹ್ಞೂಂ, ಹೌದು ಎಂದಳು. ನನ್ನನ್ನು ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಗೆ ಹೇಳುವುದು? ಹೇಳಿದರೆ ಆ ಮಾತನ್ನು ಅವಳೆದುರು ನಾನು ಇನ್ನೊಮ್ಮೆ ಆಡಿದ ಹಾಗೆ.

ಶಾಲೆ ಬಿಟ್ಟೆ. ಮನೆಯಲ್ಲಿ ಹತ್ತು ವರ್ಷ ಅವಳು ಬಾಯಿ ತೆರೆದರೆ ನಾನು ಮೇಲೆ ಬೀಳುತ್ತಿದ್ದೆ. ಊಟ ಮಾಡೋ ಎಂದರೆ ಹೊಟ್ಟೆ ನಂದು ಎನ್ನುತ್ತಿದ್ದೆ. ಅಥವಾ ಕೇಳದೆಯೇ ಹ್ಞೂಂಗುಡುತ್ತಿದ್ದೆ. ಆಸ್ಪತ್ರೆಯ ಕೊನೆಯ ವಾರ ಒಂದು ಮಧ್ಯಾಹ್ನ ಅವಳು ಬದನೆಕಾಯಿ ವಿಷಯ ಹೇಳುತ್ತಿದ್ದಳು. ಬಣ್ಣ ಉಳಿಯಬೇಕಾದರೆ ಡಬ್ಬಿಗೆ ತುಕ್ಕು ಹಿಡಿದ ಮೊಳೆಯೊಂದನ್ನು ಹಾಕಬೇಕು ಎಂದಳು. ನನಗೆ ಹ್ಞೂಂ ಎನ್ನುವುದಕ್ಕೂ ಸುಸ್ತು. ಸುಮ್ಮನೆ ಕೂತೆ. ಅವಳೂ ಸುಮ್ಮನಾದಳು. ಗೋಡೆಯ ಗಡಿಯಾರ ನೋಡಿದೆ, ಎರಡು ನಿಮಿಷವಾಗಿತ್ತು. ಆಗ ಅವಳು ಹತ್ತು ವರ್ಷದಿಂದ ಕೇಳದೇ ಇದ್ದದ್ದನ್ನು ಕೇಳಿದಳು. ನಾನು ಉತ್ತರ ಹುಡುಕುತ್ತಿದ್ದ ಹಾಗೆಯೇ ದಾದಿ ಒಳಗೆ ಬಂದಳು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಲ್ಕು ದಿನಕ್ಕೆ ಮುಗಿಯಿತು.

ಅದನ್ನೇ ಪರದೆಗೆ ಹಾಕಿದೆ. ಚಿತ್ರವಿಲ್ಲ, ದನಿಯಿಲ್ಲ, ಅಕ್ಷರ ಮಾತ್ರ. ಕೆಳಗೆ ಒಂದೇ ಗುಂಡಿ: ‘ಹ್ಞೂಂ’. ಒತ್ತಿದರೆ ಅವಳು ಮುಂದಿನ ಮಾತಿಗೆ ಹೋಗುತ್ತಾಳೆ. ಬದನೆಕಾಯಿ, ಉಪ್ಪು, ಪಟಿಕ, ಮೊಳೆ, ಕಲ್ಲಿನ ಭಾರ, ಹನ್ನೊಂದು ನಿಮಿಷಕ್ಕೆ ಮುಗಿಯಿತು, ನಮಸ್ಕಾರ. ಮೊಳೆಯ ಮಾತಿನಲ್ಲಿ ಒತ್ತದೇ ಇದ್ದರೆ ಮಾತ್ರ, ಎರಡು ನಿಮಿಷದ ಮೇಲೆ, ಆ ಇನ್ನೊಂದನ್ನು ಕೇಳುತ್ತಾಳೆ. ಅದರ ಒಂದು ಪ್ರತಿ ನನ್ನ ಕೋಣೆಯಲ್ಲಿ ಇದ್ದೇ ಇದೆ. ಆದರೆ ಅಲ್ಲಿ ಅವಳು ಕೇಳುವುದು ನನ್ನೊಬ್ಬನನ್ನು. ನನಗೆ ಬೇಕಿದ್ದದ್ದು ಇಷ್ಟೇ: ಬೇರೆ ಯಾರಾದರೂ ಒಬ್ಬರು, ಒಂದೇ ಒಂದು ಸಲ, ಅವಳ ಮಾತು ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡು ಕೂರಲಿ.

ಇದು ನಮ್ಮೂರಿನಲ್ಲಿ ಸುಲಭವೆಂದು ನಂಬಿದ್ದೆನಲ್ಲ, ನನ್ನಂಥ ದಡ್ಡ ಇಲ್ಲ. ನಮ್ಮವರಿಗೆ ಸುಮ್ಮನಿದ್ದು ಕೇಳುವುದು ಬರುವುದೇ ಇಲ್ಲ. ಎದುರಿನವನು ಅರ್ಧ ಮಾತು ಆಡುವಷ್ಟರಲ್ಲಿ ಹ್ಞೂಂ, ಹೌದೌದು, ಹಾಗಾ, ಅಲ್ವಾ ಎಂದು ನಾಲ್ಕು ಸಲ ತಲೆ ಆಡಿಸಿರುತ್ತಾರೆ. ಆಡಿಸದಿದ್ದರೆ ಮರ್ಯಾದೆಗೇಡಿ. ಫೋನಿನಲ್ಲಿ ಐದು ಕ್ಷಣ ಸುಮ್ಮನಿದ್ದರೆ, ಅಯ್ಯೋ ಲೈನು ಹೋಯ್ತಾ ಎಂದು ಕೂಗುತ್ತಾರೆ. ಬೆಳಗ್ಗೆ ನೀಜೆಕಿ ಸಾನ್ ವೇದಿಕೆಯ ಮೇಲೆ ಅಮ್ಮನ ಮಾತು ಓದುತ್ತಿದ್ದಾಗ ಇಡೀ ಸಭೆ ತಲೆ ಆಡಿಸುತ್ತಿತ್ತು, ಅವರ ಬೆರಳು ಆ ತಾಳಕ್ಕೆ ಸರಿಯಾಗಿ ಗುಂಡಿ ಒತ್ತುತ್ತಿತ್ತು. ಟಕ್, ಟಕ್, ಟಕ್. ಅಮ್ಮನನ್ನು ಅಷ್ಟು ಮರ್ಯಾದೆಯಿಂದ ಬಾಗಿಲಾಚೆ ಕಳಿಸಿದ್ದು ಶಾಲೆಯವರ ನಂತರ ಇವರೇ.

ಮೇಷ್ಟ್ರ ಆ ‘ಗುಂಡಿ ಒತ್ತೋನು’ ಮಾತು ಮೈಕಿನಿಂದ ಬಂದ ಮೇಲೆ ನನ್ನ ಕೈ ಮೇಜಿನ ಅಂಚಿನ ಮೇಲಿತ್ತು. ಹಗುರ ಮೇಜು. ಒಂದೇ ಕೈಗೆ ಬರುವಂಥದ್ದು. ನೀಜೆಕಿ ಸಾನ್ ನನ್ನ ಕೈಯನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ತೊಗಾಶಿ ಅಮ್ಮ ಮೇಷ್ಟ್ರ ಟೀ ಬಟ್ಟಲನ್ನು ಪಕ್ಕಕ್ಕಿಟ್ಟು ವರದಿ ಎಳೆದುಕೊಂಡರು. “ಏಳನೇ ಪುಟ ಅಂದ್ಯಾ, ಮಗು?” ಎಂದು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. “‘ನಾಲ್ಕನೇ ಪರದೆಯಲ್ಲಿ ಗುಂಡಿ ಮುಟ್ಟದೆ ಎರಡು ನಿಮಿಷ ಕಾದರೆ ಬೇರೆ ದಾರಿ ತೆರೆಯುತ್ತದೆ. ಆ ದಾರಿಯ ಕೊನೆಗೆ ಗುಂಡಿ ಇರುವುದಿಲ್ಲ.’ ಗುಂಡೀನೇ ಇರಲ್ವಂತಲ್ರೀ ಮೇಷ್ಟ್ರೇ!”

“ಕಾಯೋದು ಓದೋದಲ್ಲ ತೊಗಾಶಿ ಸಾನ್. ಕಾಯೋದಾದ್ರೆ ಬಸ್ ಸ್ಟಾಪಿಗೂ ಬಹುಮಾನ ಕೊಡ್ಬೇಕಾಗತ್ತೆ.”

ಸಭೆ ಮತ್ತೆ ನಕ್ಕಿತು.

“ನಿಮ್ಗೆ ಕಾರಿದೆ, ಹಾಗಂತೀರಿ. ಈ ಊರಿನ ಬಸ್ಸಿಗೆ ಕಾದೋರ್ಗೆ ಬಹುಮಾನ ಕೊಡ್ಲೇಬೇಕು,” ಎಂದರು ತೊಗಾಶಿ ಅಮ್ಮ. “ನಮ್ಮಂಗ್ಡೀಲಿ ಹುರುಳಿ ಬೇಯಕ್ಕೆ ನಾಲ್ಕು ಗಂಟೆ ಕಾಯ್ತೀನಿ, ಎರಡು ನಿಮಿಷ ಏನ್ ಮಹಾ. ತೆಗಿಯಮ್ಮಾ ನೀಜೆಕಿ.”

ನೀಜೆಕಿ ಸಾನ್ ಮೊದಲಿನಿಂದ ತೆರೆದು ನಾಲ್ಕನೆಯ ಪರದೆಗೆ ತಂದರು. ‘ಬಣ್ಣ ಉಳೀಬೇಕಂದ್ರೆ ತುಕ್ಕು ಹಿಡಿದ ಮೊಳೆ ಒಂದು ಹಾಕ್ಬೇಕು ನೋಡು. ಹೊಸಾ ಮೊಳೆ ಆಗಲ್ಲ.’ ಓದಿ ನಿಲ್ಲಿಸಿದರು. ಹತ್ತು ಕ್ಷಣ. ಇಪ್ಪತ್ತು. ಹಿಂದಿನ ಸಾಲಿನಲ್ಲಿ ಯಾರೋ, “ಹೌದೌದು, ನಮ್ಮತ್ತೇನೂ ಮೊಳೆ ಹಾಕೋರು,” ಎಂದರು. “ಹ್ಞೂಂ,” ಎಂದರು ಇನ್ನೊಬ್ಬರು. ನೀಜೆಕಿ ಸಾನ್ ತಲೆ ಆಡಿಸಿದರು. ಬೆರಳೂ ಆಡಿತು. ಟಕ್. ‘ಆಮೇಲೆ ಮೇಲೊಂದು ಕಲ್ಲು ಇಡು’ ಎಂದು ಬಂತು.

“ಅಯ್ಯೋ! ತಪ್ಪಾಯ್ತು, ತಪ್ಪಾಯ್ತು. ಕೈ ತಾನಾಗೇ ಹೋಯ್ತು,” ಎಂದು ಅವರು ನನ್ನ ಕಡೆಗೂ ಸಭೆಯ ಕಡೆಗೂ ಪರದೆಯ ಕಡೆಗೂ ಬಗ್ಗಿದರು.

ಎರಡನೆಯ ಸಲ ಸಭೆ ಗಪ್ಪಾಗಿತ್ತು. ಒಲೆಯ ಮೇಲಿನ ಕೆಟಲಿನ ಸದ್ದು ಮಾತ್ರ. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಎಪ್ಪತ್ತು. ಎಂಬತ್ತು. ಎಂಬತ್ತೈದಕ್ಕೆ ಅಕುತ್ಸು ಮೇಷ್ಟ್ರು ಕುರ್ಚಿಯಲ್ಲಿ ಹೊರಳಿದರು. “ಕೆಟ್ಟು ನಿಂತಿದೆ ರೀ ಇದು. ನನ್ನ ಮನೇದೂ ಹೀಗೇ ನಿಲ್ಲತ್ತೆ.” ಎನ್ನುತ್ತಲೇ ಕೈಚಾಚಿ ತಾವೇ ಒತ್ತಿದರು. ಟಕ್. ಮೇಲೊಂದು ಕಲ್ಲು ಇಡು.

ನಾನು ಕೂಗಿಬಿಟ್ಟೆ. “ಮುಟ್ಬೇಡ್ರೀ ಅವಳ್ನ!”

ಅವಳ್ನ ಎಂದಿದ್ದೆ. ಅದನ್ನ ಎನ್ನಲಿಲ್ಲ.

ಮೇಷ್ಟ್ರು ಕೈ ಹಿಂದಕ್ಕೆ ತೆಗೆದುಕೊಂಡರು. ಅವರು ದಡ್ಡರಲ್ಲ, ಅದನ್ನು ಒಪ್ಪಬೇಕು. ಕನ್ನಡಕ ತೆಗೆದು ಒರೆಸಿದರು. ಮೈಕನ್ನು ಹತ್ತಿರ ಎಳೆದುಕೊಂಡರು. ಈಗ ದನಿಯಲ್ಲಿ ನಗೆ ಇರಲಿಲ್ಲ.

“ನೀಜೆಕಿ ಸಾನ್, ಇನ್ನೊಂದ್ಸಲ ಅಲ್ಲಿಗೆ ತಂದು ನಿಲ್ಸಿ.” ಅವರು ತಂದು ನಿಲ್ಲಿಸಿದರು. ತುಕ್ಕು ಹಿಡಿದ ಮೊಳೆ. “ಕೈ ಮಡಿಲಲ್ಲಿಟ್ಕೊಳ್ಳಿ. ಹಾಂ. ಈಗ ಹೇಳು ಕಾಜಿಯಾ. ಈ ಕೃತೀಲಿ ಕಾಯಿ ಅಂತ ಎಲ್ಲೂ ಬರ್ದಿಲ್ಲ. ಸರಿಯಾಗಿ ಇದೇ ಪರದೇಲಿ ಕಾಯ್ಬೇಕು ಅಂತ ನಿಂಗೆ ಹ್ಯಾಗೆ ಗೊತ್ತಾಯ್ತು?”

ಎಲ್ಲ ಪರದೆಯಲ್ಲೂ ಹತ್ತು ನಿಮಿಷ ಕಾಯುವುದು ನನ್ನ ಕೆಲಸ ಎಂದಿದ್ದರೆ ಮುಗಿಯುತ್ತಿತ್ತು. ನಿಜವೂ ಆಗಿತ್ತು.

“ಸುತ್ತಿ ಬಳಸೋದು ಬೇಡ,” ಎಂದರು ಮೇಷ್ಟ್ರು. “ನಿಯಮ ನಿಂಗೂ ಗೊತ್ತು. ಇದು ನೀನು ಬರ್ದದ್ದಾ? ಹೌದು ಅಂದ್ರೆ ಈಗ್ಲೇ ಹೊರಗಿಡ್ತೀನಿ. ಇಲ್ಲ ಅಂದ್ರೆ, ಎಲ್ಲರ ಮುಂದೆ ಹೇಳ್ತೀನಿ, ನಾನೇ ಇಲ್ಲಿ ಕೂತು ಕಾಯ್ತೀನಿ. ನಿನ್ನನ್ನ ಅಂದದ್ದಕ್ಕೆ ಕ್ಷಮೇನೂ ಕೇಳ್ತೀನಿ. ಆ ಹೆಂಗಸು ನಿಂಗೇನೂ ಅಲ್ಲ ತಾನೇ? ಹೌದೋ ಇಲ್ವೋ, ಒಂದೇ ಮಾತು.”

ಅರವತ್ತು ತಲೆಗಳು ನನ್ನ ಕಡೆ ತಿರುಗಿದವು. ನಮ್ಮವರು ಉತ್ತರಕ್ಕೆ ಕಾಯುವಾಗ ಮಾತ್ರ ತಲೆ ಆಡಿಸುವುದಿಲ್ಲ. ತೊಗಾಶಿ ಅಮ್ಮ ಕಿವಿಗೆ ಅಂಗೈ ಹಿಡಿದು ಮುಂದಕ್ಕೆ ಬಾಗಿದ್ದರು. ನೀಜೆಕಿ ಸಾನ್ ಕೈ ಮಡಿಲಲ್ಲಿತ್ತು.

ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎರಡೇ ಅಕ್ಷರ. ಆ ಹೆಂಗಸು ನನಗೇನೂ ಅಲ್ಲ. ಅಮ್ಮನ ನೇರಳೆ ಉಗುರುಗಳು ಕಂಡವು. ನುಂಗಿಕೊಂಡೆ. ಹೌದು ಎಂದರೆ ನೀಜೆಕಿ ಸಾನ್ ಕೈ ಮಡಿಲಿನಿಂದ ಏಳುತ್ತದೆ, ಪರದೆ ಆರುತ್ತದೆ. ಅದನ್ನೂ ನುಂಗಿಕೊಂಡೆ. ಗೋಡೆಯ ಗಡಿಯಾರದ ಕಡೆ ನೋಡಿದೆ. ಮೊಳೆಯ ಪರದೆ ಬಂದು ನಲವತ್ತು ಕ್ಷಣವಾಗಿತ್ತು. ಯಾರೂ ಪರದೆಯ ಕಡೆ ನೋಡುತ್ತಿರಲಿಲ್ಲ. ಯಾರ ಬೆರಳೂ ಅದರ ಹತ್ತಿರ ಇರಲಿಲ್ಲ.

ಮೇಜಿನ ಮೇಲಿಂದ ಕೈ ತೆಗೆದೆ. ಬಣ್ಣದ ಪೆನ್ಸಿಲುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದೆ. ಹನ್ನೆರಡು ಪೆನ್ಸಿಲು, ಅವಸರ ಮಾಡಲಿಲ್ಲ.

“ಏನಯ್ಯಾ? ನಿನ್ನನ್ನೇ ಕೇಳ್ತಿರೋದು,” ಎಂದರು ಮೇಷ್ಟ್ರು.

ಡಬ್ಬಿಯನ್ನು ಕೋಟಿನ ಜೇಬಿಗೆ ಹಾಕಿ, ಸಾಲುಗಳ ನಡುವಿನ ದಾರಿಯಲ್ಲಿ ಬಾಗಿಲಿನ ಕಡೆ ನಡೆದೆ. ಒಳಗೆ ಓಡಾಡಲು ಗ್ರಂಥಾಲಯದವರು ಕೊಡುವ ಹಸಿರು ಚಪ್ಪಲಿಗಳು ನನ್ನ ಅಳತೆಗೆ ಚಿಕ್ಕವು, ಹೆಜ್ಜೆಗೊಮ್ಮೆ ಹಿಮ್ಮಡಿಗೆ ಹೊಡೆಯುತ್ತಿದ್ದವು. ನಗಲು ಯಾರಿಗೂ ಧೈರ್ಯವಾಗಲಿಲ್ಲ. ಈಗ ಹೇಳುತ್ತಾನೆ, ಬಾಗಿಲಲ್ಲಿ ತಿರುಗಿ ಹೇಳುತ್ತಾನೆ ಎಂದು ಎಲ್ಲರೂ ಉಸಿರು ಹಿಡಿದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ, ಕಪಾಟಿನಿಂದ ನನ್ನ ಬೂಟು ತೆಗೆದೆ, ಕೂತು ಎಡಗಾಲಿನದು ಕಟ್ಟಿದೆ.

ಬಲಗಾಲಿನದು ಕಟ್ಟುತ್ತಿದ್ದಾಗ ನೀಜೆಕಿ ಸಾನ್ ದನಿ ಕೇಳಿತು. ಪರದೆ ಬದಲಾದರೆ ಓದುವುದು ಅವರ ಅಭ್ಯಾಸ; ಯಾರೂ ಹೇಳದೆಯೇ ಓದತೊಡಗಿದ್ದರು.

“‘ಆವತ್ತು ನಿಮ್ಮ ಶಾಲೇಲಿ ನೆಲಕ್ಕೆ ಹಣೆ ಹಚ್ಚಿದ್ನಲ್ಲಾ. ಯಾತಕ್ಕೆ ಹಚ್ತಿದೀನಿ ಅಂತ ನಂಗೇ ಗೊತ್ತಿರ್ಲಿಲ್ಲ. ಅವರು ಹೇಳಿದ್ದಕ್ಕೆಲ್ಲ ಹ್ಞೂಂ ಅಂದೆ. ನಿನ್ನ ಒಂದ್ ಮಾತು ಕೇಳ್ಲೇ ಇಲ್ಲ.’”

ಯಾರೂ ಹ್ಞೂಂ ಎನ್ನಲಿಲ್ಲ.

ನಾನು ಎದ್ದು ಬಾಗಿಲು ಸರಿಸಿದೆ. ಮೆಟ್ಟಿಲಿನ ಕಡೆಯ ಚಳಿ ಮುಖಕ್ಕೆ ಹೊಡೆಯಿತು.

“‘ಈಗ ಕೇಳ್ತಿದೀನಿ,’” ಎಂದು ಹಿಂದಿನಿಂದ ಓದು ಮುಂದುವರಿಯಿತು. “‘ಏನಾಗಿತ್ತು ಮಗಾ ಆವತ್ತು?’”

ಮೆಟ್ಟಿಲು ಇಳಿಯತೊಡಗಿದೆ.